ಗಾಯ ಮಾಯಿತು, ಖಾತೆ ಮುಗಿಯಲಿಲ್ಲ!

ಬೆಳಿಗ್ಗೆ ಹತ್ತೂವರೆ. ದೊಡ್ಡಾಸ್ಪತ್ರೆಯ ಗೇಟು ದಾಟಿ ಬಂದ ಹೆಂಗಸೊಬ್ಬರು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾರೆ. ವಯಸ್ಸು ನಲವತ್ತರ ಆಚೀಚೆ. ತೊಡೆಯ ಮೇಲೆ ಬ್ಯಾಗು, ಬ್ಯಾಗಿನಲ್ಲಿ ಕಂದು ಬಣ್ಣದ ಕವರು, ಕವರಿನೊಳಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ. ಮೂರು ಸಲ ತೆಗೆದು ನೋಡಿದರು, ಮೂರು ಸಲ ಮಡಿಚಿ ಒಳಗಿಟ್ಟರು. ಪಕ್ಕದಲ್ಲಿ ಕೂತ ಕಾಲೇಜು ಹುಡುಗಿಗೆ ತೋರಿಸೋಣವೆಂದರೆ ನಾಚಿಕೆ. ಮನೆಯವರಿಗೆ ಕೊಡೋಣವೆಂದರೆ ಕಿರಾಣಿ ಅಂಗಡಿಯ ಬಿಲ್ಲು ಬಿಟ್ಟರೆ ಅವರ ಇಂಗ್ಲಿಷೂ ಅಷ್ಟಕ್ಕಷ್ಟೆ.

"ಏನಂದ್ರು ಡಾಕ್ಟ್ರು?" ಅಂತ ಅಂಗಡಿಯಿಂದ ಫೋನು.

"ಎಲ್ಲಾ ತೆಗ್ದಾಯ್ತಂತೆ ಕಣ್ರೀ. ಆದ್ರೂ ಆರು ತಿಂಗ್ಳು ಬಿಟ್ಟು ಬಾ ಅಂದ್ರು. ಎಲ್ಲಾ ತೆಗೆದ್ಮೇಲೆ ಮತ್ಯಾಕೆ?"

ಮತ್ಯಾಕೆ? ಪ್ರಶ್ನೆ ಸಣ್ಣದು. ಆದರೆ ಉತ್ತರ ಸಿಗದಿದ್ದರೆ ಜೀವಕ್ಕೇ ಕುತ್ತು.

ಇಂಥ ಹೆಂಗಸರು ಯಾವ ತಾಲ್ಲೂಕಿನ ಬಸ್ ಸ್ಟ್ಯಾಂಡಿನಲ್ಲಿ ಕೂತರೂ ಕಾಣಸಿಗುತ್ತಾರೆ. ಗರ್ಭಕೋಶದ ಬಾಯಲ್ಲಿ ಕೆಟ್ಟ ಜೀವಕೋಶ ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾಗಿ, ಅದನ್ನು ಸುಟ್ಟೋ ತಣ್ಣಗೆ ಹೆಪ್ಪುಗಟ್ಟಿಸಿಯೋ ತುಂಡು ತೆಗೆದೋ ಚಿಕಿತ್ಸೆ ಮಾಡಿಸಿಕೊಂಡವರು ಇವರು. ಚಿಕಿತ್ಸೆ ಆದ ಮೇಲೆ ಇವರು ಎರಡು ಬಗೆ. ಒಬ್ಬರು 'ನಂಗೆ ಕ್ಯಾನ್ಸರಂತೆ, ಮುಗೀತು ನನ್ನ ಕಥೆ' ಅಂತ ಕಣ್ಣೀರು ಹಾಕುವವರು. ಇನ್ನೊಬ್ಬರು 'ಎಲ್ಲಾ ಹೋಯ್ತು, ಇನ್ನೇನು' ಅಂತ ಚೀಟಿಯನ್ನು ಅಟ್ಟಕ್ಕೆ ಎಸೆಯುವವರು. ಇಬ್ಬರ ಲೆಕ್ಕವೂ ತಪ್ಪು. ಮೊದಲಿನವರದು ಸುಮ್ಮನೆ ಕೊರಗು. ಎರಡನೆಯವರದು ಅದಕ್ಕಿಂತ ಅಪಾಯ.

ಕ್ಯಾನ್ಸರ್ ಅಲ್ಲ, ಅದರ ದಾರಿ

ಅಂಗಡಿಯವರಿಗೆ ಬೇಗ ಅರ್ಥವಾಗುವ ಮಾತಿನಲ್ಲಿ ಹೇಳುವುದಾದರೆ, ಇದು ಅಕ್ಕಿ ಮೂಟೆಯಲ್ಲಿ ಹುಳು ಬೀಳುವ ಹಾಗೆ. ಮೂಟೆಗೆ ಮೂಟೆಯೇ ಒಂದು ರಾತ್ರಿಯಲ್ಲಿ ಹಾಳಾಗುವುದಿಲ್ಲ. ಮೊದಲು ಒಂದು ಮೂಲೆಯಲ್ಲಿ ನಾಲ್ಕು ಕಾಳು ಪುಡಿಯಾಗುತ್ತವೆ. ಆಗಲೇ ಕಣ್ಣಿಗೆ ಬಿದ್ದರೆ ಜರಡಿ ಹಿಡಿದು ಮೂಟೆ ಉಳಿಸಿಕೊಳ್ಳಬಹುದು. ಗರ್ಭಕೋಶದ ಬಾಯಿಯ ಮೇಲ್ಪದರದಲ್ಲಿ ಜೀವಕೋಶಗಳು ರೂಪ ಕೆಡುವುದೂ ಹಾಗೆಯೇ. ಕೆಟ್ಟ ಜೀವಕೋಶ ಮೇಲ್ಪದರದಲ್ಲೇ ಇರುವ ತನಕ ಅದಕ್ಕೆ ಕ್ಯಾನ್ಸರ್ ಎಂಬ ಹೆಸರಿಲ್ಲ. ಪದರ ದಾಟಿ ಒಳಗಿಳಿದರೆ ಮಾತ್ರ ಆ ಹೆಸರು.

ಇದಕ್ಕೆ ಮೂಲ ಎಚ್.ಪಿ.ವಿ. ಎಂಬ ವೈರಸ್ಸು. 1983ರಲ್ಲಿ ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸುರ್ ಹೌಸೆನ್ ಅವರ ತಂಡ ಇದರ 16ನೇ ನಂಬರಿನ ತಳಿಯನ್ನು ಗರ್ಭಕಂಠದ ಕ್ಯಾನ್ಸರಿನಲ್ಲಿ ಪತ್ತೆ ಮಾಡಿತು. ಆ ಕೆಲಸಕ್ಕೆ 2008ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. 16 ಮತ್ತು 18, ಈ ಎರಡೇ ತಳಿಗಳು ಜಗತ್ತಿನ ಗರ್ಭಕಂಠದ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 70 ಪಾಲಿಗೆ ಕಾರಣ.

ಹಾಗಂತ ವೈರಸ್ಸು ಅಂಟಿದವರೆಲ್ಲ ಕ್ಯಾನ್ಸರಿಗೆ ಹೋಗುವುದಿಲ್ಲ. ಸಂಸಾರ ಮಾಡಿದ ಗಂಡಸು ಹೆಂಗಸರಲ್ಲಿ ಬಹುಪಾಲು ಜನಕ್ಕೆ ಬದುಕಿನಲ್ಲಿ ಯಾವಾಗಲಾದರೊಮ್ಮೆ ಇದು ಅಂಟಿಯೇ ಇರುತ್ತದೆ. ಹೆಚ್ಚಿನವರಲ್ಲಿ ದೇಹವೇ ಒಂದೆರಡು ವರ್ಷದಲ್ಲಿ ಅದನ್ನು ಹೊರದಬ್ಬುತ್ತದೆ. ಕೆಲವರಲ್ಲಿ ಮಾತ್ರ ಬಾಡಿಗೆದಾರನ ಹಾಗೆ ಬಂದು ಮನೆ ಬಿಡದೆ ಕೂರುತ್ತದೆ. ಹಾಗೆ ಕೂತರೂ ಕೆಟ್ಟ ಜೀವಕೋಶ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ದೇಹದ ತಡೆಶಕ್ತಿ ಕುಂದಿದವರಲ್ಲಿ 5ರಿಂದ 10 ವರ್ಷ ಸಾಕಾಗಬಹುದು. ಅಂದರೆ ಹಿಡಿಯುವುದಕ್ಕೆ ಬೇಕಾದಷ್ಟು ಟೈಮಿದೆ. ಹಿಡಿಯುವವರು ಬೇಕು, ಅಷ್ಟೆ.

'ಮೂರು' ಅಂದರೆ ಮೂರನೇ ಹಂತ ಅಲ್ಲ!

ರಿಪೋರ್ಟಿನಲ್ಲಿ ಜನ ಹೆಚ್ಚಾಗಿ ಬೆಚ್ಚಿಬೀಳುವುದು ಸಿ.ಐ.ಎನ್. ಎಂಬ ಮೂರಕ್ಷರದ ಮುಂದೆ ಬರೆದ ನಂಬರು ನೋಡಿ. 'ಸಿ.ಐ.ಎನ್. 3' ಅಂತ ಕಂಡರೆ ಸಾಕು, ಮೂರನೇ ಹಂತದ ಕ್ಯಾನ್ಸರ್ ಅಂತ ಮನೆಯೆಲ್ಲ ಗೋಳೋ ಎನ್ನುತ್ತದೆ. ಅದಲ್ಲ ಸ್ವಾಮಿ. ಆ ನಂಬರು ಮೇಲ್ಪದರದ ಎಷ್ಟು ಪಾಲು ಕೆಟ್ಟಿದೆ ಎಂಬ ಅಳತೆ. 1 ಅಂದರೆ ಪದರದ ಕೆಳಗಿನ ಮೂರನೇ ಒಂದು ಪಾಲು. 2 ಅಂದರೆ ಮೂರನೇ ಎರಡು ಪಾಲಿನವರೆಗೆ. 3 ಅಂದರೆ ಅದಕ್ಕಿಂತ ಹೆಚ್ಚು, ಕೆಲವೊಮ್ಮೆ ಪೂರ್ತಿ. ಮೂರೂ ಕ್ಯಾನ್ಸರಿಗೆ ಮುಂಚಿನ ಸ್ಥಿತಿಗಳೇ.

ಒಂದನೇ ನಂಬರಿನವರಲ್ಲಿ ಹೆಚ್ಚಿನವರಿಗೆ ಅದು ತಾನಾಗಿಯೇ ಸರಿಹೋಗುತ್ತದೆ. ಡಾಕ್ಟರು 'ಈಗೇನೂ ಬೇಡ, ಮತ್ತೆ ನೋಡೋಣ' ಅಂದರೆ ಅದು ಉಡಾಫೆಯ ಮಾತಲ್ಲ, ಲೆಕ್ಕದ ಮಾತು. ಎರಡು, ಮೂರು ಬಂದವರಿಗೆ ಸಾಮಾನ್ಯವಾಗಿ ಚಿಕಿತ್ಸೆ ಮಾಡುತ್ತಾರೆ. ಎರಡನೇ ನಂಬರಿನ ಎಳೆ ವಯಸ್ಸಿನವರಲ್ಲಿ ಕೆಲವೊಮ್ಮೆ ಕಾದು ನೋಡುವುದೂ ಉಂಟು.

ಬಿಟ್ಟರೆ ಏನಾಗುತ್ತದೆ?

'ನೋವಿಲ್ಲ, ಏನಿಲ್ಲ, ಬಿಟ್ಟರಾಯ್ತು' ಅನ್ನುವವರು ನ್ಯೂಜಿಲೆಂಡಿನ ಕಥೆ ಕೇಳಬೇಕು. ಅಲ್ಲಿನ ಆಕ್ಲೆಂಡ್ ನಗರದ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ 1960ರ ದಶಕದಿಂದ ಹರ್ಬರ್ಟ್ ಗ್ರೀನ್ ಎಂಬ ವೈದ್ಯರು, ಇಂಥ ಕೆಟ್ಟ ಜೀವಕೋಶ ಕ್ಯಾನ್ಸರಾಗುವುದಿಲ್ಲ ಎಂಬ ತಮ್ಮ ನಂಬಿಕೆ ಸಾಧಿಸುವುದಕ್ಕೆ, ಹಲವು ಹೆಂಗಸರಿಗೆ ಸರಿಯಾದ ಚಿಕಿತ್ಸೆ ಕೊಡದೆ ಬರೀ ನೋಡುತ್ತ ಕೂತರು. ಹೆಂಗಸರಿಗೆ ಆ ವಿಷಯವೇ ಗೊತ್ತಿರಲಿಲ್ಲ. 1984ರಲ್ಲಿ ಅದೇ ಆಸ್ಪತ್ರೆಯ ವೈದ್ಯರು ವೈದ್ಯಕೀಯ ಪತ್ರಿಕೆಯಲ್ಲಿ ಬಯಲು ಮಾಡಿದರು. 1987ರಲ್ಲಿ ಸಾಂಡ್ರಾ ಕೋನಿ, ಫಿಲಿಡಾ ಬಂಕಲ್ ಎಂಬ ಇಬ್ಬರು ಹೆಂಗಸರು 'ಮೆಟ್ರೊ' ಮಾಸಪತ್ರಿಕೆಯಲ್ಲಿ ಬರೆದ ಮೇಲೆ ದೇಶವೇ ಎದ್ದು ಕೂತಿತು. ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ತನಿಖೆ ನಡೆಸಿ 1988ರಲ್ಲಿ ವರದಿ ಕೊಟ್ಟರು.

ಆ ಹೆಂಗಸರ ದಾಖಲೆಗಳನ್ನು ಮತ್ತೆ ಕೂಡಿ ಕಳೆದು ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಸರಿಯಾದ ಚಿಕಿತ್ಸೆ ಸಿಗದ ಸಿ.ಐ.ಎನ್. 3ರವರಲ್ಲಿ 30 ವರ್ಷದೊಳಗೆ ನೂರಕ್ಕೆ ಸುಮಾರು 31 ಮಂದಿಗೆ ಕ್ಯಾನ್ಸರ್! ಸರಿಯಾಗಿ ಚಿಕಿತ್ಸೆ ಆದವರಲ್ಲಿ ನೂರಕ್ಕೆ ಒಬ್ಬರೂ ತುಂಬಲಿಲ್ಲ. ಚಿಕಿತ್ಸೆಯ ಬೆಲೆ ಎಷ್ಟು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ತೆಗೆದ ತುಂಡು ಹೇಳುವ ಸಂಗತಿ

ಚಿಕಿತ್ಸೆಯಲ್ಲಿ ಎರಡು ದಾರಿ. ಒಂದು, ಕೆಟ್ಟ ಜಾಗವನ್ನು ಅಲ್ಲಲ್ಲೇ ಹಾಳು ಮಾಡುವುದು. ತಣ್ಣನೆಯ ಗ್ಯಾಸಿನಿಂದ ಹೆಪ್ಪುಗಟ್ಟಿಸಿದರೆ ಕ್ರಯೊ, ಬಿಸಿಯಿಂದ ಸುಟ್ಟರೆ ಥರ್ಮಲ್. ಎರಡನೆಯದು, ಕರೆಂಟು ಹಾಯಿಸಿದ ತೆಳು ತಂತಿಯ ಕುಣಿಕೆಯಿಂದ ಆ ಜಾಗವನ್ನೇ ಕೆತ್ತಿ ತೆಗೆಯುವುದು. ಇದಕ್ಕೆ ಲೀಪ್ ಎಂದು ಹೆಸರು. ಇನ್ನೂ ಆಳಕ್ಕೆ ಬೇಕಾದರೆ ಚಾಕುವಿನಿಂದ ಶಂಕುವಿನ ಆಕಾರದ ತುಂಡು ತೆಗೆಯುತ್ತಾರೆ.

ಮೊದಲ ದಾರಿಯಲ್ಲಿ ಕೈಗೆ ತುಂಡೇ ಸಿಗುವುದಿಲ್ಲ, ಆದ್ದರಿಂದ ತುಂಡಿನ ರಿಪೋರ್ಟೂ ಇಲ್ಲ. ಹಾಗಾಗಿ ಕ್ರಯೊ, ಥರ್ಮಲ್ ಮಾಡಿಸಿಕೊಂಡವರಿಗೆ ಮುಂದಿನ ಪರೀಕ್ಷೆಯೊಂದೇ ಸಾಕ್ಷಿ. ಎರಡನೇ ದಾರಿಯಲ್ಲಿ ತುಂಡು ಲ್ಯಾಬಿಗೆ ಹೋಗುತ್ತದೆ. ಕೆಲವು ದಿನ, ಕೆಲವು ಕಡೆ ಕೆಲವು ವಾರ ಬಿಟ್ಟು ರಿಪೋರ್ಟು ಬರುತ್ತದೆ. ಅದರಲ್ಲಿ ನೋಡಬೇಕಾದ್ದು ಎರಡೇ ವಿಷಯ.

ಮೊದಲನೆಯದು ನಂಬರು. ಮೊದಲು ಹೇಳಿದ್ದಕ್ಕಿಂತ ಹೆಚ್ಚೋ, ಕಡಿಮೆಯೋ, ಅಷ್ಟೆಯೋ? ಅಪರೂಪಕ್ಕೆ ತುಂಡಿನಲ್ಲಿ ಕ್ಯಾನ್ಸರೇ ಅಡಗಿರುವುದು ಪತ್ತೆಯಾಗುವುದುಂಟು. ಅದಕ್ಕೇ 'ತೆಗೆದಾಯ್ತಲ್ಲ' ಅಂತ ರಿಪೋರ್ಟು ತರದೆ ಬಿಡಬಾರದು.

ಎರಡನೆಯದು ಅಂಚು. ಮನೆಯಲ್ಲಿ ಬದನೆಕಾಯಿ ಹೆಚ್ಚುವಾಗ ಹುಳು ತಿಂದ ಭಾಗ ಕೊಯ್ದು ಹಾಕಿ, ಉಳಿದದ್ದರ ಅಂಚು ಬಿಳಿಯಾಗಿದೆಯೋ ಕಪ್ಪಿದೆಯೋ ನೋಡುವುದಿಲ್ಲವೆ? ಲ್ಯಾಬಿನ ಡಾಕ್ಟರು ನೋಡುವುದೂ ಅದನ್ನೇ. ಅವರ ಹತ್ತಿರ ಇರುವುದು ಕೊಯ್ದು ತೆಗೆದ ಭಾಗ. ಅದರ ಅಂಚಿನವರೆಗೂ ಕೆಟ್ಟ ಜೀವಕೋಶ ಇದ್ದರೆ, ದೇಹದಲ್ಲಿ ಸ್ವಲ್ಪ ಉಳಿದಿರಬಹುದು ಎಂಬ ಅನುಮಾನ. ಅನುಮಾನ ಮಾತ್ರ. ಅಂಚು ಶುದ್ಧವಿಲ್ಲ ಎಂದ ಕೂಡಲೇ ಮತ್ತೆ ಆಪರೇಷನ್ ಎಂದಲ್ಲ. ಹೆಚ್ಚಿನವರಲ್ಲಿ ಗಾಯ ಮಾಯುವ ಹೊತ್ತಿಗೆ ಅದೂ ಹೋಗಿರುತ್ತದೆ. ಆದರೆ ಇಂಥವರು ಮುಂದಿನ ಪರೀಕ್ಷೆಯನ್ನು ಯಾವ ಕಾರಣಕ್ಕೂ ತಪ್ಪಿಸುವಂತಿಲ್ಲ. ಇನ್ನು ಅಂಚು ಶುದ್ಧವಾಗಿದೆ ಅಂದರೆ ಸಂತೋಷ. ಆದರೂ ಅದೇ ಕೊನೆಯ ಚೀಟಿ ಅಲ್ಲ.

ಹತ್ತರಲ್ಲಿ ಒಂಬತ್ತು, ಆ ಒಬ್ಬರು ಯಾರು?

ಈಗ ಕಲ್ಲುಬೆಂಚಿನ ಪ್ರಶ್ನೆಗೆ ಬರೋಣ. ಮತ್ಯಾಕೆ ಹೋಗಬೇಕು?

ಚಿಕಿತ್ಸೆ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಒಂದೇ ಸಲಕ್ಕೆ ಫಲಿಸುತ್ತದೆ. ಆ ಹತ್ತನೆಯವರು ಯಾರು ಅಂತ ಮುಖ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ನೋವು ಬರುವುದಿಲ್ಲ, ರಕ್ತ ಹೋಗುವುದಿಲ್ಲ, ಜ್ವರ ಕಾಣುವುದಿಲ್ಲ. ಪರೀಕ್ಷೆಯೊಂದೇ ಹೇಳಬಲ್ಲದು. ಗೋಡೌನಿಗೆ ಔಷಧಿ ಹೊಡೆಸಿದ ವ್ಯಾಪಾರಿ ಕೆಲವು ತಿಂಗಳು ಬಿಟ್ಟು ಮೂಟೆ ಬಿಚ್ಚಿ ನೋಡುವುದು ಔಷಧಿ ಮೇಲಿನ ಅಪನಂಬಿಕೆಯಿಂದ ಅಲ್ಲ, ಸರಕಿನ ಮೇಲಿನ ಕಾಳಜಿಯಿಂದ.

ಯಾವಾಗ ಹೋಗಬೇಕು ಎಂಬುದರಲ್ಲಿ ದೇಶಕ್ಕೊಂದು ಲೆಕ್ಕ ಉಂಟು. ಬ್ರಿಟನ್ನಿನಲ್ಲಿ ಚಿಕಿತ್ಸೆಯಾದ ಆರು ತಿಂಗಳಿಗೆ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಹನ್ನೆರಡು ತಿಂಗಳಿಗೆ, ಸಿಗುವ ಕಡೆ ಎಚ್.ಪಿ.ವಿ. ಪರೀಕ್ಷೆಯನ್ನೇ ಮಾಡಿಸಿ ಅಂತ. ಅಮೆರಿಕದಲ್ಲಿ ಆರು ತಿಂಗಳಿಗೆ ಒಮ್ಮೆ, ಆಮೇಲೆ ಮೂರು ವರ್ಷ ವರ್ಷಕ್ಕೊಮ್ಮೆ, ಆ ಬಳಿಕ ಮೂರು ವರ್ಷಕ್ಕೊಮ್ಮೆಯಂತೆ ಕಡೇಪಕ್ಷ 25 ವರ್ಷ! ಲೆಕ್ಕ ಬೇರೆ ಬೇರೆ, ಆದರೆ 'ಬರಬೇಡಿ' ಅಂದ ದೇಶ ಒಂದೂ ಇಲ್ಲ. ತಮ್ಮ ಡಾಕ್ಟರು ಚೀಟಿಯಲ್ಲಿ ಬರೆದ ದಿನವೇ ತಮಗೆ ಲೆಕ್ಕ. ಎಚ್.ಐ.ವಿ. ಇರುವವರಿಗೆ ಹನ್ನೆರಡು ತಿಂಗಳಿಗೊಮ್ಮೆಯಂತೆ ಎರಡು ಸಲ ಸರಿ ಬಂದ ಮೇಲಷ್ಟೇ ಮಾಮೂಲಿ ಪರೀಕ್ಷೆಯ ಸಾಲಿಗೆ.

ಆ ಪರೀಕ್ಷೆಯ ಫಲಿತಾಂಶವನ್ನು ಹೀಗೆ ತಿಳಿಯಬೇಕು. 'ನೆಗೆಟಿವ್' ಅಂದರೆ ಒಳ್ಳೆಯ ಸುದ್ದಿ, ಮುಂದಿನ ಸರದಿ ದೂರ ಹೋಯಿತು. 'ಪಾಸಿಟಿವ್' ಅಂದರೆ ಕ್ಯಾನ್ಸರ್ ಅಲ್ಲ, ಚಿಕಿತ್ಸೆ ಕೆಟ್ಟಿತು ಅಂತಲೂ ಅಲ್ಲ. ವೈರಸ್ಸು ಇನ್ನೂ ಇದೆ, ಆದ್ದರಿಂದ ದುರ್ಬೀನಿನಂಥ ಕಾಲ್ಪೊಸ್ಕೋಪಿನಲ್ಲಿ ಒಮ್ಮೆ ಹತ್ತಿರದಿಂದ ನೋಡಬೇಕು ಅಂತ. 'ಸ್ಯಾಂಪಲ್ ಸಾಲದು' ಅಂತ ಬಂದರೆ ಅದು ಕಾಯಿಲೆಯೇ ಅಲ್ಲ. ತೆಗೆದ ಸ್ಯಾಂಪಲ್ಲು ಸರಿಯಾಗಿ ಕಾಣಲಿಲ್ಲ, ಮತ್ತೊಮ್ಮೆ ಕೊಡಿ ಅಂತ.

ಮೊದಲ ನಾಲ್ಕು ವಾರ

ಚಿಕಿತ್ಸೆಯಾದ ಮೇಲೆ ಕೆಲವು ವಾರ ನೀರಿನಂತೆ ಹೋಗುವುದು, ಸ್ವಲ್ಪ ರಕ್ತದ ಕಲೆ ಕಾಣುವುದು ಸಹಜ. ಕ್ರಯೊ ಆದವರಿಗೆ ನೀರು ಹೋಗುವುದು ನಾಲ್ಕರಿಂದ ಆರು ವಾರವೂ ಇರಬಹುದು. ಬಟ್ಟೆ ಅಥವಾ ಪ್ಯಾಡ್ ಹೊರಗಿಂದ ಇಟ್ಟುಕೊಂಡರೆ ಸಾಕು, ಒಳಗೆ ಏನನ್ನೂ ಇಡಬಾರದು. ಗಂಡ ಹೆಂಡಿರು ಸುಮಾರು ನಾಲ್ಕು ವಾರ ದೂರವಿರಬೇಕು. ಕೆರೆ, ಹೊಳೆ, ಈಜುಕೊಳದಲ್ಲಿ ಇಳಿಯಬಾರದು. ಭಾರ ಎತ್ತುವುದು ಕಡಿಮೆ ಇರಲಿ.

ಮುಟ್ಟಿನ ದಿನಕ್ಕಿಂತ ಹೆಚ್ಚಾಗಿ ರಕ್ತ ಹೋದರೆ, ಕೆಟ್ಟ ವಾಸನೆ ಬಂದರೆ, ಜ್ವರ ಬಂದರೆ, ಕಿಬ್ಬೊಟ್ಟೆ ತಡೆಯಲಾರದಷ್ಟು ನೋಯಿದರೆ ಚೀಟಿಯ ದಿನಕ್ಕೆ ಕಾಯುವುದು ಬೇಡ. ಅವತ್ತೇ ಆಸ್ಪತ್ರೆಗೆ.

'ಇನ್ನು ಮಕ್ಕಳಾಗುತ್ತಾ?' ಎಂಬುದು ಬಾಯಿ ಬಿಟ್ಟು ಕೇಳದ, ಆದರೆ ಎದೆಯಲ್ಲಿ ಕೊರೆಯುವ ಪ್ರಶ್ನೆ. ಒಂದು ಸಲದ ಚಿಕಿತ್ಸೆಯಿಂದ ಬಸಿರಾಗುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆಳವಾಗಿ ತೆಗೆದಿದ್ದರೆ, ಎರಡು ಮೂರು ಸಲ ತೆಗೆದಿದ್ದರೆ ದಿನ ತುಂಬುವ ಮುನ್ನ ಹೆರಿಗೆಯಾಗುವ ಸಾಧ್ಯತೆ ಸ್ವಲ್ಪ ಹೆಚ್ಚು. ಬಸಿರಾದಾಗ ಹೆರಿಗೆ ಡಾಕ್ಟರಿಗೆ ಹಳೇ ಚೀಟಿ ತೋರಿಸಿದರೆ ಅವರು ಮೊದಲೇ ಎಚ್ಚರ ವಹಿಸುತ್ತಾರೆ.

ಗರ್ಭಕೋಶವನ್ನೇ ತೆಗೆಸಿದರೆ?

ಹೆದರಿಕೆಯ ಹೆಸರಲ್ಲಿ ನಡೆಯುವ ಇನ್ನೊಂದು ವ್ಯಾಪಾರ ಇದು. 'ಕ್ಯಾನ್ಸರ್ ಆಗುತ್ತೆ, ಗರ್ಭಕೋಶಾನೇ ತೆಗೆಸಿಬಿಡಿ' ಅಂದವರ ಮಾತು ಕೇಳಿ ಆಸ್ಪತ್ರೆ ಸೇರಿದವರು ಈ ದೇಶದಲ್ಲಿ ಕಡಿಮೆಯಿಲ್ಲ. ಬೇಡದ ಗರ್ಭಕೋಶ ಆಪರೇಷನ್ನುಗಳ ದೂರು ಸುಪ್ರೀಂ ಕೋರ್ಟಿನವರೆಗೂ ಹೋಗಿ, 2023ರಲ್ಲಿ ಕೋರ್ಟು, ಕೇಂದ್ರ ಸರ್ಕಾರದ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಆದೇಶಿಸಿತು. ಬಾಯಿಯ ಮೇಲ್ಪದರದ ತೊಂದರೆಗೆ ಗರ್ಭಕೋಶ ತೆಗೆಯುವುದು ಮೊದಲ ಚಿಕಿತ್ಸೆ ಅಲ್ಲ. ಬೇರೆ ಕಾರಣ ಸೇರಿ ತೆಗೆಯಲೇಬೇಕಾಗಿ ಬಂದರೂ, ಮೊದಲು ಸಿ.ಐ.ಎನ್. 2 ಅಥವಾ 3 ಇದ್ದವರಿಗೆ ಆಮೇಲೂ ಪರೀಕ್ಷೆ ತಪ್ಪದು. ಅಲ್ಲಿ ಉಳಿದ ಯೋನಿಯ ತುದಿಯಲ್ಲೂ ಅದೇ ವೈರಸ್ಸು ಕೂತಿರಬಹುದು. ಅದಕ್ಕೇ ಒಪ್ಪಿಗೆಗೆ ಸಹಿ ಹಾಕುವ ಮುನ್ನ ಇನ್ನೊಬ್ಬ ಡಾಕ್ಟರಿಗೆ ರಿಪೋರ್ಟು ತೋರಿಸುವುದು ಜಾಣತನ.

ಗಂಡಸರಿಗೊಂದು ಮಾತು

ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ಸ್ವಲ್ಪ ಇತ್ತ ಕೇಳಬೇಕು. ಎಚ್.ಪಿ.ವಿ. ಅಂತ ಓದಿದ ಕೂಡಲೇ ಹೆಂಡತಿಯ ಮೇಲೆ ಅನುಮಾನ ಪಡುವ ಗಂಡಂದಿರಿದ್ದಾರೆ, ಗಂಡನ ಮೇಲೆ ಸಿಟ್ಟಾಗುವ ಹೆಂಡಿರೂ ಇದ್ದಾರೆ. ಈ ವೈರಸ್ಸು ಬಂದು ಎಷ್ಟೋ ವರ್ಷ ಸದ್ದಿಲ್ಲದೆ ಇರಬಲ್ಲದು. ಯಾರಿಂದ, ಯಾವಾಗ ಬಂತು ಅಂತ ಯಾವ ಪರೀಕ್ಷೆಯೂ ಹೇಳುವುದಿಲ್ಲ. ನಡತೆಯ ಸರ್ಟಿಫಿಕೇಟು ಅದಲ್ಲ. ಈ ಜಗಳದಿಂದ ಹೆಂಗಸು ಆಸ್ಪತ್ರೆ ಬಿಟ್ಟರೆ ಗೆದ್ದದ್ದು ವೈರಸ್ಸೇ.

ಇನ್ನು ಬೀಡಿ ಸಿಗರೇಟಿನ ಚಟವಿರುವ ಹೆಂಗಸರಲ್ಲಿ ಇದು ಬಿಟ್ಟುಹೋಗುವುದು ತಡ, ಮತ್ತೆ ಬರುವುದು ಬೇಗ. ಬಿಟ್ಟರೆ ಒಳ್ಳೆಯದು. ಲಸಿಕೆಯ ಬಗ್ಗೆಯೂ ಕೇಳುತ್ತಾರೆ. ಅದು ಮುಂದೆ ಅಂಟದಂತೆ ತಡೆಯುವಂಥದ್ದು, ಈಗಾಗಲೇ ಕೆಟ್ಟ ಜೀವಕೋಶವನ್ನು ಸರಿ ಮಾಡುವುದಿಲ್ಲ. ಮನೆಯ ಹೆಣ್ಣುಮಕ್ಕಳಿಗೆ ಹದಿನೈದು ತುಂಬುವ ಮುನ್ನ ಹಾಕಿಸಿದರೆ ಹೆಚ್ಚು ಲಾಭ.

ಬಸ್ಸು ಪುಕ್ಕಟೆ, ದಾರಿ ಮಾತ್ರ ದೂರ

2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಹೊಸದಾಗಿ ಬಂತು, ಸುಮಾರು 80 ಸಾವಿರ ಮಂದಿ ಸತ್ತರು ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಅಂದಾಜು. ಹದಿನೈದು ಇಪ್ಪತ್ತು ವರ್ಷ ಮುನ್ಸೂಚನೆ ಕೊಟ್ಟು ಬರುವ ಕಾಯಿಲೆಗೆ ಇಷ್ಟು ಬಲಿ!

ಹಿಡಿಯುವುದಕ್ಕೆ ದೊಡ್ಡ ಯಂತ್ರವೇ ಬೇಕು ಎಂದಿಲ್ಲ. ಅಡುಗೆಮನೆಯ ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲವನ್ನೇ ತೆಳುವಾಗಿ ಹಚ್ಚಿದರೆ ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರಲ್ಲಿ ಈ ಪ್ರಯೋಗ ನಡೆಸಿ, ಈ ಕಾಯಿಲೆಯ ಸಾವು ನೂರಕ್ಕೆ 31ರಷ್ಟು ಇಳಿಯಿತೆಂದು 2013ರಲ್ಲಿ ತೋರಿಸಿದರು. ಪರೀಕ್ಷೆ ಮಾಡಿದವರು ಡಾಕ್ಟರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಸರ್ಕಾರದ ಯೋಜನೆಯಲ್ಲಿ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಇದೇ ಪರೀಕ್ಷೆ ಇದೆ. ಮುಂದಿನ ಚಿಕಿತ್ಸೆಗೆ ಜಿಲ್ಲಾಸ್ಪತ್ರೆ, ಅದಕ್ಕೂ ಮೇಲೆ 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇವೆ.

2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸೂ ಪುಕ್ಕಟೆ. ಧರ್ಮಸ್ಥಳಕ್ಕೆ ಹೋಗಿ ಬಂದಾಯಿತು, ತವರಿಗೂ ಹೋಗಿ ಬಂದಾಯಿತು. ಆಸ್ಪತ್ರೆಯ ಚೀಟಿಗೆ ಮಾತ್ರ ಯಾಕೆ ಬಸ್ಸು ಹತ್ತುವುದಿಲ್ಲ? ಹತ್ತದಿರುವುದಕ್ಕೆ ಕಾರಣ ದುಡ್ಡಲ್ಲ. ಯಾಕೆ ಹೋಗಬೇಕು ಅಂತ ಯಾರೂ ಬಿಡಿಸಿ ಹೇಳದಿರುವುದು.

ಅದಕ್ಕೇ ಅಧಿಕಾರಿಗಳ ಮುಂದೆ ಒಂದು ಬೇಡಿಕೆ. ಹೊಸ ಕಟ್ಟಡ ಬೇಡ, ಉದ್ಘಾಟನೆ ಬೇಡ. ಚಿಕಿತ್ಸೆ ಆದ ಪ್ರತಿ ಹೆಂಗಸಿನ ಕೈಗೂ ಕನ್ನಡದಲ್ಲಿ ನಾಲ್ಕೇ ಸಾಲಿನ ಚೀಟಿ ಕೊಡಲಿ. ಏನು ಸಿಕ್ಕಿತು? ಅಂಚು ಹೇಗಿದೆ? ಮುಂದೆ ಯಾವ ತಾರೀಖು ಬರಬೇಕು? ಏನಾದರೆ ಕೂಡಲೇ ಬರಬೇಕು? ಒಂದು ಹಾಳೆ, ಒಂದು ರಬ್ಬರ್ ಸ್ಟಾಂಪು. ಖರ್ಚು ಎಷ್ಟಾದೀತು?

ಅಲ್ಲಿಯವರೆಗೆ ಕೆಲಸ ಮನೆಯವರದೇ. ಪ್ರತಿ ಅಂಗಡಿಯ ಗೋಡೆಯ ಮೇಲೂ ಒಂದು ಕ್ಯಾಲೆಂಡರಿದೆ. ಉದ್ರಿ ಬಾಕಿಯವರ ಹೆಸರು, ಸೀಟಿ ಕಟ್ಟುವ ದಿನ, ಲೋಡು ಬರುವ ತಾರೀಖು ಎಲ್ಲ ಅದರಲ್ಲೇ ಗುರುತು. ಆ ಸಾಲಿನಲ್ಲಿ ಮನೆಯಾಕೆಯ ಪರೀಕ್ಷೆಯ ದಿನಕ್ಕೂ ಒಂದು ಕೆಂಪು ಸುತ್ತು ಬೀಳಲಿ. ಅವತ್ತು ಅಂಗಡಿಯ ಬಾಗಿಲು ಅರ್ಧ ದಿನ ಹಾಕಿದರೆ ಗಿರಾಕಿ ಎಲ್ಲಿಗೂ ಓಡಿಹೋಗುವುದಿಲ್ಲ.

ಕಲ್ಲುಬೆಂಚಿನ ಮುಂದೆ ಬಸ್ಸು ಬಂದು ನಿಂತಿದೆ. ಕವರನ್ನು ಬ್ಯಾಗಿನ ಒಳಜೇಬಿಗೆ ಸೇರಿಸಿ ಆಕೆ ಎದ್ದರು. ಫೋನು ಇನ್ನೂ ಕಿವಿಯಲ್ಲೇ ಇದೆ.

"ಆರು ತಿಂಗ್ಳು ಅಂದ್ರೆ ಯಾವ ತಾರೀಖು ಬತ್ತದೆ, ನೋಡಿ ಹೇಳ್ರೀ."

ಅತ್ತ ಕಡೆಯಿಂದ ಕ್ಯಾಲೆಂಡರಿನ ಹಾಳೆ ಮಗುಚುವ ಸದ್ದು.